ಮಗುವಿನ ಹೆಸರಿನಲ್ಲಿ ಬರುವ ಹಣ: ರಾಜಿ ಅರ್ಜಿ ಬರೆಯುವಾಗ ನಾನು ಅನುಸರಿಸುವ ಕ್ರಮ

ಬಳ್ಳಾರಿಯಲ್ಲಿ ಕೌಟುಂಬಿಕ ಪ್ರಕರಣಗಳನ್ನು ನಡೆಸುವ ವಕೀಲಳಾಗಿ ನಾನು ಕಂಡಂತೆ, ಮಗು ಯಾರ ಬಳಿ ಇರಬೇಕು, ತಿಂಗಳಿಗೆ ಜೀವನಾಂಶ ಎಷ್ಟು ಎಂಬ ಎರಡು ಪ್ರಶ್ನೆಗಳು ಹೇಗೋ ಇತ್ಯರ್ಥವಾಗುತ್ತವೆ. ಅದಾದ ಮೇಲೂ ಗಂಡ ಹೆಂಡತಿಯರು ಮತ್ತೆ ಮತ್ತೆ ಕಚೇರಿಗೆ ಬರುವುದು ಮಗುವಿನ ಕಾರಣಕ್ಕೆ ಸಿಗುವ ಭತ್ಯೆ, ವಿದ್ಯಾರ್ಥಿವೇತನ, ತೆರಿಗೆ ಕಡಿತ, ಪಡಿತರ ಇವುಗಳ ಸಲುವಾಗಿ. ಇದಕ್ಕೆ ಬಹುಮಟ್ಟಿಗೆ ನಮ್ಮ ರಾಜಿ ಅರ್ಜಿಗಳ ಬರವಣಿಗೆಯೇ ಕಾರಣ. "ಮಗುವಿಗೆ ಸಂಬಂಧಿಸಿದ ಸಕಲ ಸೌಲಭ್ಯಗಳನ್ನು ತಾಯಿಯೇ ಪಡೆಯತಕ್ಕದ್ದು" ಎಂಬ ಒಂದು ಸಾಲನ್ನು ಎಲ್ಲ ಅರ್ಜಿಗಳಲ್ಲೂ ಕಾಣುತ್ತೇವೆ. ಓದಲು ಚೆನ್ನಾಗಿರುವ ಈ ಸಾಲನ್ನು ಇಟ್ಟುಕೊಂಡು ಯಾವ ಕಚೇರಿಯೂ ಏನನ್ನೂ ಮಾಡಲಾರದು. ಭತ್ಯೆಯನ್ನು ಇಲಾಖೆಯು ತನ್ನ ನೌಕರನಿಗೆ ಮಾತ್ರ ಕೊಡುತ್ತದೆ, ವಿದ್ಯಾರ್ಥಿವೇತನವು ಆಧಾರ್ ಜೋಡಣೆಯಾದ ಖಾತೆಗೆ ಹೋಗುತ್ತದೆ, ಆಹಾರ ಇಲಾಖೆಯು ಹೆಸರು ಯಾವ ಕಾರ್ಡಿನಲ್ಲಿದೆ ಎಂಬುದನ್ನಷ್ಟೇ ನೋಡುತ್ತದೆ. ಆದ್ದರಿಂದ ನಾನು ಪ್ರತಿಯೊಂದು ಸೌಲಭ್ಯಕ್ಕೂ ಬೇರೆ ಬೇರೆ ಕಲಮು ಬರೆಯುವ ರೂಢಿ ಮಾಡಿಕೊಂಡಿದ್ದೇನೆ: ಅರ್ಜಿ ಹಾಕುವವರು ಯಾರು, ಅದಕ್ಕೆ ಬೇಕಾದ ಕಾಗದ ಕೊಡುವವರು ಯಾರು, ಹಣ ಮೊದಲು ಯಾವ ಖಾತೆಗೆ ಬರುತ್ತದೆ, ಅಲ್ಲಿಂದ ಎಷ್ಟು ದಿನದೊಳಗೆ ಎಲ್ಲಿಗೆ ಹೋಗಬೇಕು.

ಗುರುತು ಸಿಗದಂತೆ ವಿವರಗಳನ್ನು ಬದಲಿಸಿ ಎರಡು ಪ್ರಕರಣಗಳನ್ನು ಹೇಳುತ್ತೇನೆ. ಮೊದಲನೆಯದರಲ್ಲಿ ಗಂಡ ಕೇಂದ್ರ ಸರ್ಕಾರದ ನೌಕರ, ಹೆಂಡತಿ ಖಾಸಗಿ ಶಾಲೆಯ ಶಿಕ್ಷಕಿ. ಇಬ್ಬರು ಮಕ್ಕಳೂ ತಾಯಿಯೊಂದಿಗೆ ಕೌಲ್ ಬಜಾರಿನ ಅಜ್ಜಿಯ ಮನೆಯಲ್ಲಿದ್ದರು. ಕೇಂದ್ರದ ನೌಕರರಿಗೆ ಇಬ್ಬರು ಮಕ್ಕಳವರೆಗೆ ಶಿಕ್ಷಣ ಭತ್ಯೆ ಇದೆ. ತುಟ್ಟಿಭತ್ಯೆ ಶೇ. 50 ತಲುಪಿದ ಕಾರಣ 2024ರ ಜನವರಿ 1ರಿಂದ ಅದು ಮಗುವೊಂದಕ್ಕೆ ತಿಂಗಳಿಗೆ 2,250 ರೂಪಾಯಿಯಿಂದ 2,812.50 ರೂಪಾಯಿಗೆ ಏರಿತು. ಅಂದರೆ ಇಬ್ಬರು ಮಕ್ಕಳಿಗೆ ವರ್ಷಕ್ಕೆ 67,500 ರೂಪಾಯಿ. ಶಾಲೆಗೆ ನಿಜವಾಗಿ ಕಟ್ಟಿದ್ದು ಎಷ್ಟೇ ಇರಲಿ, ಈ ಮೊತ್ತ ನಿಗದಿಯಾದದ್ದು. ಮಗು ಆ ವರ್ಷ ಅಲ್ಲಿ ಓದಿದೆ ಎಂದು ಶಾಲೆಯ ಮುಖ್ಯಸ್ಥರು ಕೊಡುವ ದೃಢೀಕರಣ ಸಾಕು.

ಈ ಭತ್ಯೆಯಲ್ಲಿ ಜೀವನಾಂಶ ಕೇಳುವವರು ಗಮನಿಸಬೇಕಾದ ಒಂದು ಸಂಗತಿ ಇದೆ. ಇದು ತಿಂಗಳ ಸಂಬಳದೊಂದಿಗೆ ಬರುವುದಿಲ್ಲ. ಆರ್ಥಿಕ ವರ್ಷ ಮುಗಿದ ಮೇಲೆ ಒಮ್ಮೆ ಮರುಪಾವತಿಯಾಗಿ ಬರುತ್ತದೆ. ರಜನೀಶ್ ವಿರುದ್ಧ ನೇಹಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟು 2020ರ ನವೆಂಬರಿನಲ್ಲಿ ಕೊಟ್ಟ ತೀರ್ಪಿನ ನಂತರ ಜೀವನಾಂಶದ ಪ್ರಕರಣಗಳಲ್ಲಿ ಇಬ್ಬರೂ ತಮ್ಮ ಆಸ್ತಿ, ಆದಾಯ, ಖರ್ಚುಗಳ ಪ್ರಮಾಣಪತ್ರ ಸಲ್ಲಿಸಲೇಬೇಕು. ಆದರೆ ಅದರೊಂದಿಗೆ ಎರಡು ಮೂರು ತಿಂಗಳ ಸಂಬಳ ಚೀಟಿ ಲಗತ್ತಿಸಿದರೆ ಈ ಭತ್ಯೆ ಎಲ್ಲಿಯೂ ಕಾಣಿಸುವುದಿಲ್ಲ. ಹಾಗಾಗಿ ನಾನು ಇಡೀ ವರ್ಷದ ವೇತನ ವಿವರಣೆಯನ್ನೇ ಹಾಜರುಪಡಿಸುವಂತೆ ಕೇಳುತ್ತೇನೆ. ಈ ಪ್ರಕರಣದಲ್ಲಿ ಅದು ಬಂದ ಮೇಲೆ, ಬೇರೆಯಾಗಿದ್ದ ಕಾಲದಲ್ಲೂ ಭತ್ಯೆ ತಂದೆಯ ಖಾತೆಗೆ ಜಮೆಯಾಗಿದ್ದು ತಿಳಿಯಿತು. ಮಧ್ಯಸ್ಥಿಕೆ ಕೇಂದ್ರದಲ್ಲಿ ಆತ ಕೇಳಿದ ಪ್ರಶ್ನೆ ಇಷ್ಟೇ: "ಇಲಾಖೆ ನನಗ ಕೊಡ್ತೈತ್ರೀ ಮೇಡಂ, ನನ್ನ ಸರ್ವೀಸಿಗೆ ಬರೋ ರೊಕ್ಕ ನಾನ್ಯಾಕ ಆಕಿಗೆ ಕೊಡ್ಲಿ?" ಕಾನೂನಿನ ಪ್ರಕಾರ ಭತ್ಯೆಯ ಹಕ್ಕುದಾರ ಆತನೇ ಎಂಬುದು ನಿಜ. ತಾಯಿ ಆ ಇಲಾಖೆಯ ನೌಕರಳಲ್ಲದ ಕಾರಣ ಅರ್ಜಿ ಹಾಕಲು ಸಾಧ್ಯವೂ ಇರಲಿಲ್ಲ. ಆಕೆಯಾದರೋ ಶಾಲೆಯಿಂದ ಆತನಿಗೆ ದೃಢೀಕರಣ ಪತ್ರ ಸಿಗದಂತೆ ಮಾಡುವೆನೆಂದು ಹಟ ಹಿಡಿದಿದ್ದಳು. ಹಾಗೆ ಮಾಡಿದರೆ ನಷ್ಟವಾಗುವುದು ಆತನೊಬ್ಬನಿಗೇ ಅಲ್ಲ, ಯಾರ ಕೈಗೂ ಬರದೆ 67,500 ರೂಪಾಯಿ ಸರ್ಕಾರದ ಬಳಿಯೇ ಉಳಿಯುತ್ತದೆ ಎಂದು ಕಾಗದದ ಮೇಲೆ ಲೆಕ್ಕ ಬರೆದು ತೋರಿಸಿದ ಮೇಲೆ ಮಾತು ಮುಂದುವರಿಯಿತು.

ಕೊನೆಗೆ ಬರೆದ ಕಲಮು ಹೀಗಿತ್ತು: "ಪ್ರತಿ ವರ್ಷ ಏಪ್ರಿಲ್ 30ರೊಳಗೆ 2ನೇ ಅರ್ಜಿದಾರರು ಇಬ್ಬರು ಮಕ್ಕಳ ವ್ಯಾಸಂಗ ದೃಢೀಕರಣ ಪತ್ರಗಳನ್ನು 1ನೇ ಅರ್ಜಿದಾರರಿಗೆ ಒದಗಿಸತಕ್ಕದ್ದು, 1ನೇ ಅರ್ಜಿದಾರರು ಭತ್ಯೆಯ ಮೊತ್ತವು ತಮ್ಮ ಖಾತೆಗೆ ಜಮೆಯಾದ 15 ದಿನಗಳೊಳಗೆ ಪೂರ್ಣವಾಗಿ 2ನೇ ಅರ್ಜಿದಾರರ ಖಾತೆಗೆ ವರ್ಗಾಯಿಸತಕ್ಕದ್ದು, ಈ ಮೊತ್ತವು ಮಾಸಿಕ ಜೀವನಾಂಶದ ಹೊರತಾದದ್ದು." ಕೊನೆಯ ವಾಕ್ಯಕ್ಕಾಗಿ ನಾವು ಅತಿ ಹೆಚ್ಚು ಚರ್ಚೆ ಮಾಡಿದೆವು. ಭತ್ಯೆ ಜೀವನಾಂಶದ ಒಳಗೋ ಹೊರಗೋ ಎಂಬುದನ್ನು ಬರೆಯದೆ ಬಿಟ್ಟರೆ, ಭತ್ಯೆ ಕೊಟ್ಟ ತಿಂಗಳು ಜೀವನಾಂಶ ನಿಲ್ಲುತ್ತದೆ.

ಅದೇ ದಂಪತಿಯ ಇನ್ನೊಂದು ವ್ಯಾಜ್ಯ ಆದಾಯ ತೆರಿಗೆಯದು. ಹಳೆಯ ತೆರಿಗೆ ಪದ್ಧತಿಯಲ್ಲಿ ಉಳಿದವರು ಇಬ್ಬರು ಮಕ್ಕಳ ಬೋಧನಾ ಶುಲ್ಕವನ್ನು 1.5 ಲಕ್ಷ ರೂಪಾಯಿಯ ಒಟ್ಟು ಮಿತಿಯೊಳಗೆ ಕಡಿತವಾಗಿ ತೋರಿಸಬಹುದು. ಒಂದೇ ರಸೀದಿಯನ್ನು ಗಂಡ ತನ್ನ ಕಚೇರಿಗೆ ಕೊಟ್ಟಿದ್ದ, ಹೆಂಡತಿಯೂ ತನ್ನ ರಿಟರ್ನಿನಲ್ಲಿ ತೋರಿಸಿದ್ದಳು. ಇಲ್ಲಿ ಮಗು ಯಾರ ಬಳಿ ಇದೆ ಎಂಬುದು ಮುಖ್ಯವಲ್ಲ. ಶುಲ್ಕ ಕಟ್ಟಿದವರು ಯಾರು ಎಂಬುದಷ್ಟೇ ಮುಖ್ಯ. ಇಬ್ಬರೂ ಕಟ್ಟಿದ್ದರೆ ತಾವು ತಾವು ಕಟ್ಟಿದಷ್ಟಕ್ಕೆ ಇಬ್ಬರೂ ಕಡಿತ ಪಡೆಯಬಹುದು, ಒಂದೇ ರೂಪಾಯಿಯನ್ನು ಇಬ್ಬರೂ ತೋರಿಸುವಂತಿಲ್ಲ. ತಿಂಗಳ ಜೀವನಾಂಶವಾಗಿ ಕೊಟ್ಟ ಹಣದಿಂದ ತಾಯಿ ಶುಲ್ಕ ಕಟ್ಟಿದಾಗ, "ಅದು ನನ್ನ ದುಡ್ಡೇ" ಎಂದು ತಂದೆ ಹೇಳುವುದು ಸಾಮಾನ್ಯ. ಆದರೆ ಜೀವನಾಂಶ ಕೊಟ್ಟದ್ದಕ್ಕೆ ತೆರಿಗೆಯಲ್ಲಿ ಯಾವ ಕಡಿತವೂ ಇಲ್ಲ. ಕಡಿತ ಬೇಕೆಂದರೆ ಆತ ಶಾಲೆಯ ಖಾತೆಗೆ ನೇರವಾಗಿ ಕಟ್ಟಬೇಕು. ನಾವು ಮೊದಲ ಕಂತು ತಂದೆಯದು, ಎರಡನೆಯ ಕಂತು ತಾಯಿಯದು ಎಂದು ಹಂಚಿ, ಇಬ್ಬರೂ ತಂತಮ್ಮ ಬ್ಯಾಂಕ್ ಖಾತೆಯಿಂದಲೇ ಕಟ್ಟಿ ತಂತಮ್ಮ ಹೆಸರಿನ ರಸೀದಿ ಪಡೆಯಬೇಕೆಂದು ಬರೆದೆವು. ಡೊನೇಷನ್, ಅಭಿವೃದ್ಧಿ ಶುಲ್ಕ, ಬಸ್ಸಿನ ಹಣ ಇವು ಕಡಿತಕ್ಕೆ ಸೇರುವುದಿಲ್ಲವಾದ್ದರಿಂದ ರಸೀದಿಯಲ್ಲಿ ಬೋಧನಾ ಶುಲ್ಕ ಪ್ರತ್ಯೇಕವಾಗಿ ನಮೂದಾಗಿರಬೇಕು. ಹೊಸ ತೆರಿಗೆ ಪದ್ಧತಿಗೆ ಹೋದವರಿಗೆ ಈ ಕಡಿತವೇ ಇಲ್ಲ. ಇಲ್ಲದ ಸೌಲಭ್ಯಕ್ಕೆ ಜಗಳವಾಡುವ ದಂಪತಿಗಳನ್ನೂ ನಾನು ನೋಡಿದ್ದೇನೆ.

ಮಗಳ ಹೆಸರಿನಲ್ಲಿ ಅಜ್ಜ ಇಟ್ಟಿದ್ದ ಠೇವಣಿಯ ಬಡ್ಡಿಯ ಪ್ರಶ್ನೆಯೂ ಬಂತು. ಅಪ್ರಾಪ್ತ ಮಗುವಿನ ಇಂಥ ಆದಾಯವನ್ನು ತಂದೆ ತಾಯಿಯರಲ್ಲಿ ಹೆಚ್ಚು ಆದಾಯವುಳ್ಳವರ ಆದಾಯಕ್ಕೆ ಸೇರಿಸುತ್ತಾರೆ. ಮದುವೆಯೇ ಅಸ್ತಿತ್ವದಲ್ಲಿ ಇಲ್ಲದಾಗ ಆ ವರ್ಷ ಮಗುವನ್ನು ಸಾಕುತ್ತಿರುವವರ ಆದಾಯಕ್ಕೆ ಸೇರಿಸುತ್ತಾರೆ. ಬೇರೆ ಮನೆ ಮಾಡಿಕೊಂಡ ಮಾತ್ರಕ್ಕೆ ಮದುವೆ ಮುಗಿದಂತಲ್ಲ, ಆದ್ದರಿಂದ ವಿಚ್ಛೇದನದ ಡಿಕ್ರಿ ಆಗುವವರೆಗೆ ಆ ಬಡ್ಡಿ ತಂದೆಯ ಲೆಕ್ಕದಲ್ಲೇ ಇತ್ತು.

ಎರಡನೆಯ ಪ್ರಕರಣ ಸಿರುಗುಪ್ಪ ತಾಲ್ಲೂಕಿನ ಕೂಲಿ ಕಾರ್ಮಿಕ ದಂಪತಿಯದು. ಹೆಂಡತಿ ಮಗಳನ್ನು ಕರೆದುಕೊಂಡು ಕಂಪ್ಲಿಯ ತವರಿಗೆ ಬಂದಿದ್ದಳು. ಮಹಿಳೆಯರಿಗೂ ಮಕ್ಕಳಿಗೂ ಆದಾಯದ ಮಿತಿಯಿಲ್ಲದೆ ಉಚಿತ ಕಾನೂನು ನೆರವು ಸಿಗುತ್ತದೆ. 1987ರ ಕಾನೂನು ಸೇವೆಗಳ ಪ್ರಾಧಿಕಾರಗಳ ಕಾಯ್ದೆಯ 12ನೇ ಕಲಮಿನ ಈ ಅನುಕೂಲದಿಂದಲೇ ಆಕೆ ನನ್ನ ಬಳಿಗೆ ಬಂದದ್ದು. ಮಗಳ ವಿದ್ಯಾರ್ಥಿವೇತನ ಮಂಜೂರಾಗಿದೆ ಎಂದು ಶಾಲೆಯವರು ಹೇಳುತ್ತಿದ್ದರು, ತಾಯಿಯ ಕೈಗೆ ಮಾತ್ರ ಬಂದಿರಲಿಲ್ಲ. ಪಾಸ್‌ಬುಕ್ ತರಿಸಿ ನೋಡಿದರೆ, ಆಕೆ ಕಂಪ್ಲಿಯಲ್ಲಿ ಮಗಳ ಹೆಸರಿಗೆ ಮಾಡಿಸಿದ್ದ ಖಾತೆಗೆ ಆಧಾರ್ ಜೋಡಣೆಯೇ ಆಗಿರಲಿಲ್ಲ. ಸರ್ಕಾರದ ನೇರ ವರ್ಗಾವಣೆಯ ಹಣ ಅರ್ಜಿಯಲ್ಲಿ ಬರೆದ ಖಾತೆ ಸಂಖ್ಯೆಯನ್ನು ನೋಡುವುದಿಲ್ಲ. ಆಧಾರ್‌ಗೆ ಕೊನೆಯದಾಗಿ ಜೋಡಿಸಿದ ಬ್ಯಾಂಕ್ ಯಾವುದೋ ಅಲ್ಲಿಗೆ ಹೋಗುತ್ತದೆ. ಅದು ತಂದೆ ಗಾರ್ಡಿಯನ್ ಆಗಿದ್ದ ಸಿರುಗುಪ್ಪದ ಹಳೆಯ ಖಾತೆಯಾಗಿತ್ತು. ಇದಕ್ಕೆ ಕೋರ್ಟಿನ ಆದೇಶ ಬೇಕಿರಲಿಲ್ಲ. ಹೊಸ ಖಾತೆಯ ಶಾಖೆಯಲ್ಲಿ ಆಧಾರ್ ಜೋಡಣೆಯ ಒಪ್ಪಿಗೆ ಪತ್ರ ತುಂಬಿ, ಹಳೆಯ ಬ್ಯಾಂಕಿನ ಬದಲು ಈ ಬ್ಯಾಂಕಿಗೆ ಬದಲಾಯಿಸಬೇಕೆಂದು ಅದರಲ್ಲಿ ಗುರುತು ಹಾಕಿ, ಕೆಲವು ದಿನ ಬಿಟ್ಟು ಜೋಡಣೆಯ ಸ್ಥಿತಿ ನೋಡಿಕೊಂಡರೆ ಮುಗಿಯಿತು. ತಂದೆಯ ಸಹಿ ಬೇಕೆಂದು ಶಾಖೆಯಲ್ಲಿ ಹೇಳಿದಾಗ ನಾನು ಒಂದು ಪತ್ರ ಬರೆಯಬೇಕಾಯಿತು. ಮಗುವಿನ ಹೊಣೆ ತಂದೆ ವಾಸ್ತವವಾಗಿ ಹೊತ್ತಿಲ್ಲದಿದ್ದಾಗ ತಂದೆ ಬದುಕಿರುವಾಗಲೇ ತಾಯಿಯು ಸಹಜ ಪೋಷಕಿಯಾಗಿ ವ್ಯವಹರಿಸಬಹುದೆಂದು ಸುಪ್ರೀಂ ಕೋರ್ಟು 1999ರಲ್ಲಿ ಗೀತಾ ಹರಿಹರನ್ ಪ್ರಕರಣದಲ್ಲಿ ಹೇಳಿದೆ. ಆ ಪ್ರಕರಣ ಹುಟ್ಟಿದ್ದೂ ಮಗನ ಹೆಸರಿನ ಬಾಂಡಿನ ಅರ್ಜಿಗೆ ತಾಯಿ ಪೋಷಕಿಯಾಗಿ ಹಾಕಿದ ಸಹಿಯ ವಿಷಯದಲ್ಲೇ.

ರೇಷನ್ ಕಾರ್ಡಿನ ಕೆಲಸ ಇದಕ್ಕಿಂತ ನಿಧಾನ. ಆಹಾರ ಭದ್ರತಾ ಕಾಯ್ದೆಯಂತೆ ಮನೆಯ ಹಿರಿಯ ಮಹಿಳೆಯೇ ಕಾರ್ಡಿನ ಯಜಮಾನಿ, ಆದ್ದರಿಂದ ಕೂಡು ಕುಟುಂಬದ ಕಾರ್ಡಿನಲ್ಲಿ ಗೃಹಲಕ್ಷ್ಮಿಯ ಎರಡು ಸಾವಿರ ಅತ್ತೆಗೆ ಬರುತ್ತದೆ. ತಾಯಿ ಮಗಳ ತಲೆಯ ಲೆಕ್ಕದ ಅಕ್ಕಿಯೂ ಆ ಮನೆಗೇ ಹೋಗುತ್ತದೆ. ಹಳೆಯ ಕಾರ್ಡಿನಿಂದ ಹೆಸರು ತೆಗೆಸದ ಹೊರತು ಹೊಸ ಕಾರ್ಡಿಗೆ ಸೇರಿಸಲಾಗದು. ಆದ್ದರಿಂದ ರಾಜಿಯ ದಿನವೇ ಹೆಸರು ತೆಗೆಯಲು ಆಕ್ಷೇಪವಿಲ್ಲವೆಂಬ ಪತ್ರಕ್ಕೆ ಸಹಿ ಮಾಡಿಸಿಕೊಂಡೆ.

ಮಗಳ ಹೆಸರಿಗೆ ಸರ್ಕಾರ ಕೊಟ್ಟಿದ್ದ ಭಾಗ್ಯಲಕ್ಷ್ಮಿ ಬಾಂಡು ಮಾತ್ರ ಅತ್ತೆಯ ಟ್ರಂಕಿನಲ್ಲಿತ್ತು. "ಕೂಸು ನಮ್ಮ ಮನಿಗೆ ಬಂದ್ರ ಬಾಂಡು ಕೊಡ್ತೀವ್ರೀ ಮೇಡಮ್ಮಾರ" ಎಂದು ಆಕೆ ಮಧ್ಯಸ್ಥಿಕೆಯ ಕೋಣೆಯಲ್ಲಿ ಎಲ್ಲರ ಎದುರಿಗೇ ಹೇಳಿದಳು. ಆ ಹಣ ತಂದೆಯದೂ ಅಲ್ಲ, ತಾಯಿಯದೂ ಅಲ್ಲ. ಹುಡುಗಿಗೆ 18 ತುಂಬಿದಾಗ, ಆಕೆ ಕನಿಷ್ಠ ಎಂಟನೇ ತರಗತಿ ಓದಿ, ಅಷ್ಟರೊಳಗೆ ಮದುವೆಯಾಗದೆ ಇದ್ದರೆ, ಆಕೆಗೇ ಸಿಗುವಂಥದ್ದು. ಅಂಗನವಾಡಿ ಕಾರ್ಯಕರ್ತೆಯ ಮೂಲಕ ಶಿಶು ಅಭಿವೃದ್ಧಿ ಯೋಜನಾಧಿಕಾರಿಯ (ಸಿಡಿಪಿಒ) ಕಚೇರಿಯ ದಾಖಲೆಯಿಂದ ಬಾಂಡಿನ ವಿವರ ಬರೆಸಿಕೊಂಡು ಅದನ್ನು ಅರ್ಜಿಯಲ್ಲಿ ನಮೂದಿಸಿದ ಮೇಲೆ, ಟ್ರಂಕಿನಲ್ಲಿಟ್ಟುಕೊಂಡು ಪ್ರಯೋಜನವಿಲ್ಲವೆಂಬುದು ಅವರಿಗೂ ಮನವರಿಕೆಯಾಗಿ ಮುಂದಿನ ಬೈಠಕ್ಕಿಗೆ ಬಾಂಡು ತಂದರು.

ಇಷ್ಟೆಲ್ಲ ಬರೆದ ಮೇಲೆ ಅದನ್ನು ಜಾರಿ ಮಾಡಿಸುವ ದಾರಿಯೂ ಇರಬೇಕು. ಲೋಕ ಅದಾಲತ್ತಿನಲ್ಲಿ ದಾಖಲಾದ ರಾಜಿಗೆ ಸಿವಿಲ್ ನ್ಯಾಯಾಲಯದ ಡಿಕ್ರಿಯ ಬಲವಿದೆ, ಅದರ ಮೇಲೆ ಮೇಲ್ಮನವಿಯೂ ಇಲ್ಲ. ಆದ್ದರಿಂದ ಭತ್ಯೆಯಂಥ ಕಲಮುಗಳಿಗೆ ನೇರವಾಗಿ ಅಮಲ್ಜಾರಿ ಅರ್ಜಿ ಹಾಕಬಹುದು. ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 144ನೇ ಕಲಮಿನಡಿ, ಅಂದರೆ ಹಿಂದಿನ ದಂಡ ಪ್ರಕ್ರಿಯಾ ಸಂಹಿತೆಯ 125ರಡಿ, ಪಡೆದ ಜೀವನಾಂಶದ ಬಾಕಿಗೆ ವಾರಂಟ್ ಕೇಳುವುದಾದರೆ ಬಾಕಿ ಬಿದ್ದ ದಿನದಿಂದ ಒಂದು ವರ್ಷದೊಳಗೆ ಅರ್ಜಿ ಹಾಕಬೇಕು. "ಮುಂದಿನ ಹಬ್ಬಕ್ಕೆ ಕೊಡ್ತಾನ" ಎಂದು ಕಾಯುತ್ತ ಕೂತವರು ಈ ಗಡುವು ಕಳೆದುಕೊಳ್ಳುತ್ತಾರೆ. ಕೌಲ್ ಬಜಾರಿನ ಶಿಕ್ಷಕಿಗೆ ಮೊದಲ ವರ್ಷ ಮಗಳ ಪಾಲಿನ ಭತ್ಯೆ ಮಾತ್ರ ಬಂದಿತ್ತು. ಕಲಮಿನ ಪ್ರತಿಯನ್ನು ಲಗತ್ತಿಸಿ ನೋಟಿಸು ಕಳಿಸಿದ ಮೇಲೆ ಮಗನ ಪಾಲಿನ 33,750 ರೂಪಾಯಿಯೂ ಆಕೆಯ ಖಾತೆಗೆ ಜಮೆಯಾಯಿತು.