ಕನ್ನಡ ಕಡತ ಹಂಚಿಕೊಳ್ಳುವವರಿಗೆ ಒಂದು ಸಲಹೆ

ಸ್ಮರಣ ಸಂಚಿಕೆಗೆ ಲೇಖನ ಸಿದ್ಧಪಡಿಸುವಾಗ ಮೈಕ್ರೋಸಾಫ್ಟ್ ವರ್ಡ್ ಬೇಕೇ, ಉಚಿತವಾಗಿ ಸಿಗುವ ಲಿಬ್ರೆಆಫೀಸ್ ಸಾಕೇ ಎಂದು ಹಲವರು ಕೇಳುತ್ತಾರೆ. ಸಾಮಾನ್ಯ ಲೇಖನಕ್ಕೆ ಲಿಬ್ರೆಆಫೀಸ್ ಧಾರಾಳವಾಗಿ ಸಾಕು. ಅದಕ್ಕಿಂತ ಮುಖ್ಯವಾಗಿ ನೋಡಬೇಕಾದದ್ದು, ಪಠ್ಯ ಪ್ರತಿ ಲಿಪಿಯ ಅಕ್ಷರಕ್ಕೂ ತನ್ನದೇ ಸಂಕೇತ ಕೊಡುವ ಜಾಗತಿಕ ಪದ್ಧತಿಯಾದ ಯೂನಿಕೋಡ್‌ನಲ್ಲಿದೆಯೇ ಎಂಬುದನ್ನು. ನುಡಿ, ಬರಹ ತಂತ್ರಾಂಶಗಳ ಹಳೆಯ ಫಾಂಟುಗಳಲ್ಲಿ ಟೈಪ್ ಮಾಡಿದ ಕಡತದೊಳಗೆ ಕನ್ನಡ ಅಕ್ಷರಗಳ ಬದಲು ರೋಮನ್ ಲಿಪಿಯ ಸಂಕೇತಗಳೇ ಉಳಿದಿರುವುದರಿಂದ, ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ಇಡೀ ಲೇಖನ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ಸಾಲಾಗಿ ಕಾಣುತ್ತದೆ. ಯಾವ ತಂತ್ರಾಂಶದಲ್ಲಿ ತೆರೆದರೂ ಇದು ತಪ್ಪದು.

ಅಂತಹ ಕಡತವನ್ನು ಪರಿವರ್ತಕದ ಮೂಲಕ ಯೂನಿಕೋಡ್‌ಗೆ ತಂದ ಮೇಲೆ ಒಮ್ಮೆ ನಿಧಾನವಾಗಿ ಓದಿ ನೋಡಿ. 'ಸೂರ್ಯ', 'ಧರ್ಮ' ಮುಂತಾದ ಪದಗಳ ಅರ್ಕಾವತ್ತು ಸ್ಥಾನ ತಪ್ಪಬಹುದು. ನಡುವೆ ಬಂದ ಇಂಗ್ಲಿಷ್ ಪದಗಳನ್ನೂ ಪರಿವರ್ತಕ ಕನ್ನಡವೆಂದೇ ಭಾವಿಸಿ ಕೆಡಿಸಬಹುದು. ದಯವಿಟ್ಟು ಮೂಲ ಕಡತವನ್ನು ಅಳಿಸಬೇಡಿ.

ಇತರರು ತಿದ್ದಬೇಕಾದ ಪ್ರತಿಯನ್ನು ವರ್ಡ್‌ನ ಡಾಕ್ಸ್ (.docx) ರೂಪದಲ್ಲಿ ಕಳುಹಿಸಿ, ಏಕೆಂದರೆ ವರ್ಡ್, ಲಿಬ್ರೆಆಫೀಸ್, ಗೂಗಲ್ ಡಾಕ್ಸ್ ಮೂರೂ ಅದನ್ನು ತೆರೆಯುತ್ತವೆ. ಲಿಬ್ರೆಆಫೀಸಿನ ಸ್ವಂತ ಕಡತ ರೂಪವಾದ ಓಡಿಟಿ (.odt) ಸಹ 2006ರಲ್ಲಿ ಅಂತರರಾಷ್ಟ್ರೀಯ ಮಾನಕ ಸಂಸ್ಥೆ ಐಎಸ್ಒದ ಮಾನ್ಯತೆ ಪಡೆದ ಮುಕ್ತ ಮಾದರಿಯೇ ಆದ್ದರಿಂದ, ದೀರ್ಘಕಾಲ ಕಾಪಿಡಲು ನಾನು ಅದನ್ನೇ ಮೆಚ್ಚುತ್ತೇನೆ. ಕೋಷ್ಟಕಗಳೂ ಚಿತ್ರಗಳೂ ಹೆಚ್ಚಿದ್ದರೆ ಪುಟವಿನ್ಯಾಸ ಅತ್ತಿತ್ತ ಸರಿಯುವುದುಂಟು. ಆದ್ದರಿಂದ ಮೂಲ ವಿನ್ಯಾಸ ತಿಳಿಯುವಂತೆ ಜೊತೆಗೊಂದು ಪಿಡಿಎಫ್ ಇರಲಿ. ಫಾಂಟ್ ಆಯ್ಕೆಗೆ ಎಲ್ಲರಿಗೂ ಉಚಿತವಾಗಿ ದೊರೆಯುವ ನೋಟೋ ಸೆರಿಫ್ ಕನ್ನಡ ಸೂಕ್ತ. ಬೇರೆ ಫಾಂಟ್ ಬಳಸಿದ್ದರೆ, ಅದರ ಪರವಾನಗಿ ಅನುಮತಿಸುವುದಾದರೆ, ಉಳಿಸುವಾಗ ಫಾಂಟನ್ನು ಕಡತದೊಳಗೇ ಅಡಕಗೊಳಿಸುವ ಆಯ್ಕೆಯನ್ನು ಗುರುತಿಸಿ.