ಪುನರ್ವಸು ಮಳೆಯಲ್ಲಿ ಕಡಿಯುತ್ತಿದ್ದ ಲಿಂಕ್

ತೀರ್ಥಹಳ್ಳಿಯಲ್ಲಿ ಅಡಿಕೆ ಬೆಳೆಗಾರರ ಒಂದು ಸಹಕಾರ ಸಂಘದ ಕಂಪ್ಯೂಟರ್ ಮತ್ತು ನೆಟ್‌ವರ್ಕ್ ವ್ಯವಸ್ಥೆಯನ್ನು ಕೆಲವು ವರ್ಷಗಳಿಂದ ನಾನು ನೋಡಿಕೊಳ್ಳುತ್ತಿದ್ದೇನೆ. ರಸ್ತೆಯ ಬದಿಗೆ ಕಚೇರಿ, ಅಂಗಳ ದಾಟಿದರೆ ಗೋದಾಮು ಮತ್ತು ತೂಕದ ಕೋಣೆ. ಎರಡರ ನಡುವೆ ಸೂರಿನ ಅಂಚಿನಲ್ಲೇ ಎಳೆದ ಸುಮಾರು 70 ಮೀಟರ್ ಉದ್ದದ ಕ್ಯಾಟ್-6 ನೆಟ್‌ವರ್ಕ್ ಕೇಬಲ್ ಇತ್ತು, ಅದರ ಎರಡು ತುದಿಗಳಲ್ಲಿ ಕಂಪ್ಯೂಟರ್‌ಗಳನ್ನು ಒಂದಕ್ಕೊಂದು ಜೋಡಿಸುವ ಒಂದೊಂದು ನೆಟ್‌ವರ್ಕ್ ಸ್ವಿಚ್. ರಾಶಿ, ಬೆಟ್ಟೆ, ಗೊರಬಲು ಎಂದು ವಿಂಗಡಿಸಿದ ಚೀಲಗಳ ತೂಕ ಆ ಕೇಬಲ್ ಮೂಲಕವೇ ಕಚೇರಿಯ ಸರ್ವರ್‌ಗೆ ಬರಬೇಕು. ಹೋದ ಮಳೆಗಾಲದಲ್ಲಿ ಈ ಲಿಂಕ್ ದಿನಕ್ಕೆ ಹಲವು ಬಾರಿ ಕಡಿಯತೊಡಗಿತು.

ತೂಕದ ಗುಮಾಸ್ತರು ಫೋನಿನಲ್ಲಿ ಹೇಳಿದ ಮಾತು ಇಡೀ ತನಿಖೆಯ ಬೀಜವಾಗಿತ್ತು: "ಬೆಳಿಗ್ಗೆ ಬಾಗಿಲು ತೆಗೆಯುವಾಗ ಇರೋದೇ ಇಲ್ಲ ಮಾರಾಯ್ರೆ, ಮಧ್ಯಾಹ್ನದ ಮೇಲೆ ತನ್ನಷ್ಟಕ್ಕೇ ಬರ್ತದೆ. ನೀವು ಬರೋ ಹೊತ್ತಿಗೆ ಎಲ್ಲ ಸರಿಯಾಗಿರ್ತದೆ." ಅದು ಅಕ್ಷರಶಃ ನಿಜವಾಗಿತ್ತು. ಶಿವಮೊಗ್ಗದಿಂದ ಮಂಡಗದ್ದೆ ದಾಟಿ ನಾನು ಅಲ್ಲಿ ತಲುಪುವ ವೇಳೆಗೆ ಸ್ವಿಚ್‌ನ ದೀಪ ಹೊಳೆಯುತ್ತಿತ್ತು. ಕೈಯಲ್ಲಿದ್ದ ಟೆಸ್ಟರ್ ಹಚ್ಚಿದರೆ ಒಂದರಿಂದ ಎಂಟರವರೆಗಿನ ದೀಪಗಳೂ ಕ್ರಮವಾಗಿ ಬೆಳಗಿದವು. ಅಂಥ ಟೆಸ್ಟರ್ ತಂತಿ ತುಂಡಾಗಿದೆಯೇ, ಅದಲು ಬದಲಾಗಿದೆಯೇ ಎಂಬುದನ್ನಷ್ಟೇ ಹೇಳಬಲ್ಲದು. ಆ ತಂತಿ ಗಿಗಾಬಿಟ್ ವೇಗದ ಸಂಕೇತವನ್ನು ಕೆಡದಂತೆ ಸಾಗಿಸುತ್ತದೆಯೇ ಎಂಬುದು ಅದರ ಅಳವಿನಲ್ಲಿಲ್ಲ.

ಸ್ವಿಚ್‌ನ ಲಾಗ್ (ಘಟನೆಗಳನ್ನು ಅದು ತಾನೇ ಬರೆದಿಡುವ ದಾಖಲೆ) ತೆರೆದಾಗ ಮೊದಲ ನಿರಾಶೆ ಎದುರಾಯಿತು. ಅದರಲ್ಲಿದ್ದದ್ದು ಏಳೆಂಟು ಸಾಲುಗಳು ಮಾತ್ರ, ಅವುಗಳ ದಿನಾಂಕ 1970ರ ಜನವರಿ 1. ಲಿಂಕ್ ಹೋದಾಗಲೆಲ್ಲ ಕಚೇರಿಯವರು ಸ್ವಿಚ್ಚನ್ನು ಆರಿಸಿ ಹೊತ್ತಿಸುತ್ತಿದ್ದರು. ಈ ಬಗೆಯ ಸ್ವಿಚ್‌ಗಳು ಲಾಗನ್ನು ವಿದ್ಯುತ್ ಹೋದರೆ ಅಳಿಯುವ ರ‍್ಯಾಮ್‌ನಲ್ಲಿ ಇಟ್ಟುಕೊಳ್ಳುತ್ತವೆ, ಒಳಗೆ ಗಡಿಯಾರಕ್ಕೆ ಬ್ಯಾಟರಿಯೂ ಇರುವುದಿಲ್ಲ. ಆದ್ದರಿಂದ ಪ್ರತಿ ಬಾರಿಯೂ ಸಾಕ್ಷ್ಯ ಅಳಿಸಿಹೋಗಿ ಕಾಲ ಮತ್ತೆ ಮೊದಲಿನಿಂದ ಶುರುವಾಗುತ್ತಿತ್ತು. ಆರಿಸಿ ಹೊತ್ತಿಸುವುದು ನಮ್ಮಲ್ಲಿ ಎಲ್ಲ ಕಾಯಿಲೆಗೂ ಕೊಡುವ ಮೊದಲ ಮದ್ದು. ಆದರೆ ಕಾರಣ ತಿಳಿಯಬೇಕೆಂದಿದ್ದರೆ ಅದಕ್ಕೆ ಮುಂಚೆ ಲಾಗನ್ನು ಬೇರೆಡೆಗೆ ನಕಲು ಮಾಡಿಕೊಳ್ಳಲೇಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ.

ಆ ದಿನ ನಾನು ಯಾವ ಬಿಡಿಭಾಗವನ್ನೂ ಬದಲಿಸಲಿಲ್ಲ. ಕಚೇರಿಯ ಲಿನಕ್ಸ್ ಸರ್ವರ್‌ನಲ್ಲಿ ಸಿಸ್‌ಲಾಗ್ (ಸಾಧನಗಳು ಲಾಗ್ ಸಂದೇಶಗಳನ್ನು ನೆಟ್‌ವರ್ಕ್ ಮೂಲಕ ಕಳಿಸುವ ಪದ್ಧತಿ) ಸ್ವೀಕರಿಸುವ ವ್ಯವಸ್ಥೆಯನ್ನು, ತಲುಪಿತೇ ಎಂದು ನೋಡದೆ ಸಂದೇಶ ಸಾಗಿಸುವ ಯುಡಿಪಿ ವಿಧಾನದ 514ನೆಯ ಪೋರ್ಟಿನಲ್ಲಿ ತೆರೆದು, ಎರಡೂ ಸ್ವಿಚ್‌ಗಳು ತಮ್ಮ ಸಂದೇಶಗಳನ್ನು ಅಲ್ಲಿಗೆ ಕಳಿಸುವಂತೆ ಮಾಡಿದೆ; ಅದೇ ಸರ್ವರ್‌ನಿಂದ ಸಮಯ ಹೊಂದಿಸುವ ಎನ್‌ಟಿಪಿ ಮೂಲಕ ಎರಡರ ಗಡಿಯಾರವನ್ನೂ ಹೊಂದಿಸಿದೆ. ಸಿಸ್‌ಲಾಗ್‌ನಲ್ಲಿ ತೀವ್ರತೆಯ ಹಂತಗಳು 0ಯಿಂದ 7ರವರೆಗೆ ಇವೆ, 0 ಅತಿ ಗಂಭೀರ. ಕಳಿಸುವ ಮಿತಿ 4ರಲ್ಲಿ ನಿಂತಿತ್ತು. ಹಾಗೆ ಬಿಟ್ಟರೆ 5 ಮತ್ತು 6ನೆಯ ಹಂತದಲ್ಲಿ ಬರುವ, ಕೇಬಲ್ ಸಿಕ್ಕಿಸುವ ಪೋರ್ಟ್ ಬಿದ್ದು ಎದ್ದ ಸೂಚನೆಗಳು ತಪ್ಪಿಹೋಗುತ್ತವೆಂದು ಅದನ್ನು 6ಕ್ಕೆ ಏರಿಸಿದೆ. ಲಿಂಕ್ ಕಡಿದಿರುವಾಗ ಗೋದಾಮಿನ ಸ್ವಿಚ್ ಕಳಿಸಿದ ಸಂದೇಶಕ್ಕೆ ಬರಲು ದಾರಿಯೇ ಇರುವುದಿಲ್ಲ, ಯುಡಿಪಿಯಲ್ಲಿ ಕಳೆದದ್ದು ಮತ್ತೆ ಬರುವುದೂ ಇಲ್ಲ. ಹಾಗಾಗಿ ನಾನು ನಂಬಬಹುದಾದದ್ದು ಸರ್ವರ್ ಇರುವ ಬದಿಯ ಸ್ವಿಚ್‌ನ ದಾಖಲೆಯನ್ನು ಮಾತ್ರ.

ಇದೇ ವೇಳೆ ಇನ್ನೊಂದು ತೊಡಕು ಕಣ್ಣಿಗೆ ಬಿತ್ತು. ನನಗಿಂತ ಮೊದಲು ಬಂದು ನೋಡಿದ್ದ ತಂತ್ರಜ್ಞರೊಬ್ಬರು ಲಿಂಕ್ ನಿಲ್ಲಲೆಂಬ ಸದುದ್ದೇಶದಿಂದ ಗೋದಾಮಿನ ಬದಿಯ ಪೋರ್ಟನ್ನು 100 ಎಂಬಿಪಿಎಸ್, ಫುಲ್ ಡುಪ್ಲೆಕ್ಸ್ (ಕಳಿಸುವುದು, ಪಡೆಯುವುದು ಎರಡೂ ಏಕಕಾಲಕ್ಕೆ) ಎಂದು ಬಿಗಿ ಮಾಡಿ ಹೋಗಿದ್ದರು. ಒಂದು ತುದಿ ಬಿಗಿಯಾಗಿದ್ದು ಇನ್ನೊಂದು ಆಟೊದಲ್ಲಿದ್ದರೆ (ವೇಗ ಮತ್ತು ಡುಪ್ಲೆಕ್ಸನ್ನು ತುದಿಗಳೇ ಪರಸ್ಪರ ಮಾತಾಡಿ ನಿರ್ಧರಿಸುವ ಕ್ರಮ), ಆಟೊದಲ್ಲಿರುವ ತುದಿ ವೇಗವನ್ನು ಸಂಕೇತದಿಂದ ಗುರುತಿಸಬಲ್ಲದೇ ಹೊರತು ಡುಪ್ಲೆಕ್ಸ್ ಏನೆಂದು ತಿಳಿಯಲಾರದೆ, ಒಮ್ಮೆಗೆ ಒಂದೇ ದಿಕ್ಕಿನ ಹಾಫ್ ಡುಪ್ಲೆಕ್ಸ್‌ಗೆ ಇಳಿಯುತ್ತದೆ. ಆಗ ಕಚೇರಿಯ ತುದಿಯಲ್ಲಿ ತಡವಾದ ಕೊಲಿಷನ್‌ಗಳೂ (ಸಂಕೇತಗಳ ಡಿಕ್ಕಿ) ಗೋದಾಮಿನ ತುದಿಯಲ್ಲಿ ಸಿಆರ್‌ಸಿ ದೋಷಗಳೂ (ದಾರಿಯಲ್ಲಿ ಕೆಟ್ಟು ಬಂದ ದತ್ತಾಂಶ) ಏರುತ್ತವೆ, ಮೂಲ ರೋಗದ ಜೊತೆ ಇನ್ನೊಂದು ಸೇರಿಕೊಳ್ಳುತ್ತದೆ. ಎರಡೂ ತುದಿಗಳನ್ನು ಆಟೊಗೆ ತಂದು, ಎಣಿಕೆಗಳನ್ನು ಸೊನ್ನೆ ಮಾಡಿ, ಎಂಟು ದಿನ ಕಾಯುವುದಾಗಿ ಕಾರ್ಯದರ್ಶಿಯವರ ಒಪ್ಪಿಗೆ ಪಡೆದೆ.

ಎಂಟು ದಿನಗಳ ಲಾಗ್ ಚೆನ್ನಾಗಿ ಮಾತನಾಡಿತು. ಗೋದಾಮಿನ ಕೇಬಲ್ ಸೇರುವ ಏಳನೆಯ ಪೋರ್ಟ್ ಬಿದ್ದದ್ದು, ಎದ್ದದ್ದು ಸೆಕೆಂಡಿನ ಲೆಕ್ಕದಲ್ಲಿ ಸಿಕ್ಕವು. ಪ್ರತಿ ಬಾರಿಯೂ ಗೋದಾಮಿನ ಸ್ವಿಚ್‌ನ ಅಪ್‌ಟೈಮ್ (ಆರದೆ ನಡೆಯುತ್ತಿರುವ ಅವಧಿ) ಮುಂದುವರಿದೇ ಇದ್ದುದರಿಂದ ಅಲ್ಲಿಯ ವಿದ್ಯುತ್ತಿನ ಮೇಲಿದ್ದ ಅನುಮಾನ ಅಳಿಯಿತು. ಇನ್ನೂ ಮುಖ್ಯವಾದ ಸಂಗತಿಯೆಂದರೆ, ಪೋರ್ಟ್ ಬಿದ್ದು ಏಳುವಾಗ ಕೆಲವೊಮ್ಮೆ 1000ಕ್ಕೆ ಬದಲು 100 ಎಂಬಿಪಿಎಸ್‌ನಲ್ಲಿ ಏಳುತ್ತಿತ್ತು. ಗಿಗಾಬಿಟ್‌ಗೆ, ಅಂದರೆ ಆ 1000ಕ್ಕೆ, ಕೇಬಲ್ಲಿನ ನಾಲ್ಕೂ ಜೋಡಿಗಳು ಬೇಕು. 100ಕ್ಕೆ 1-2 ಮತ್ತು 3-6ನೆಯ ಪಿನ್‌ಗಳ ಎರಡೇ ಜೋಡಿ ಸಾಕು. ಅಂದರೆ ಕಿತ್ತಳೆ ಮತ್ತು ಹಸಿರು ಜೋಡಿಗಳು ಗಟ್ಟಿಯಾಗಿವೆ, ನೀಲಿ ಅಥವಾ ಕಂದು ಜೋಡಿಯಲ್ಲಿ ದೋಷವಿದೆ.

ಸಮಯಗಳನ್ನು ಏನಕ್ಕೆ ಹೋಲಿಸಬೇಕೆಂದು ಯೋಚಿಸುತ್ತಿದ್ದಾಗ ಗುಮಾಸ್ತರ ಪುಸ್ತಕ ಒದಗಿಬಂತು. ಮಲೆನಾಡಿನ ಅನೇಕ ತೋಟಗಾರರಂತೆ ಅವರೂ ಮನೆಯಂಗಳದಲ್ಲಿ ಮಳೆಮಾಪಕ ಇಟ್ಟು, ದಿನವೂ ಬೆಳಿಗ್ಗೆ ಅಳತೆಯನ್ನು ಬರೆದಿಡುತ್ತಾರೆ. ಪಕ್ಕದಲ್ಲಿ "ಇಡೀ ರಾತ್ರಿ", "ಹತ್ತಕ್ಕೆ ಹೊಳವು" ಎಂಬ ಟಿಪ್ಪಣಿಯೂ ಇರುತ್ತದೆ. ಪುನರ್ವಸು ಮಳೆಯ ಆ ಪುಟವನ್ನು ಲಾಗ್‌ನ ಪಕ್ಕದಲ್ಲಿಟ್ಟೆವು. ರಾತ್ರಿಯಿಡೀ ಸುರಿದ ದಿನಗಳಲ್ಲಿ ನಸುಕಿನಿಂದಲೇ ಲಿಂಕ್ ಕಡಿಯಲು ಶುರುವಾಗಿ, ಹೊಳವಾದ ಒಂದೆರಡು ಗಂಟೆಗಳ ತನಕ ಮುಂದುವರಿದಿತ್ತು. ಮಳೆಯಿಲ್ಲದ ಎರಡು ದಿನಗಳಲ್ಲಿ ಒಂದು ಸಾಲೂ ಇರಲಿಲ್ಲ.

ಮುಂದಿನ ಸಲ ನಾನು ಹಿಂದಿನ ರಾತ್ರಿಯೇ ಬಂದು ತೀರ್ಥಹಳ್ಳಿಯಲ್ಲಿ ಉಳಿದು, ಬೆಳಿಗ್ಗೆ ಆರೂವರೆಗೆ ಗೋದಾಮಿನಲ್ಲಿದ್ದೆ. ಲಿಂಕ್ ಬಿದ್ದಿತ್ತು. ಯಾವುದನ್ನೂ ಮುಟ್ಟದೆ ಸ್ವಿಚ್‌ನ ಕೇಬಲ್ ಪರೀಕ್ಷೆಯನ್ನು ನಡೆಸಿದೆ. ಅದು ಪ್ರತಿ ಜೋಡಿಯಲ್ಲೂ ಒಂದು ಸ್ಪಂದನವನ್ನು ಕಳಿಸಿ, ಅದು ಮರಳಲು ಹಿಡಿದ ಸಮಯದಿಂದ ದೋಷದ ದೂರವನ್ನು ಲೆಕ್ಕ ಹಾಕುತ್ತದೆ. ತಾಮ್ರದ ಕೇಬಲ್ಲಿನಲ್ಲಿ ಸಂಕೇತಕ್ಕೆ ಒಂದು ಮೀಟರ್ ಸಾಗಲು ಸುಮಾರು 5 ನ್ಯಾನೊಸೆಕೆಂಡ್ ಬೇಕು. ಮೂರು ಜೋಡಿಗಳು ಸರಿ, ಕಂದು ಜೋಡಿಯಲ್ಲಿ 31 ಮೀಟರ್ ದೂರದಲ್ಲಿ ದೋಷ ಎಂದು ಬಂತು. ಟೇಪು ಹಿಡಿದು ಅಳೆದರೆ ತಗಡಿನ ಸೂರಿನ ಮೂಲೆ. ಅಲ್ಲಿ, ಹಿಂದೆ ಕೇಬಲ್ ಸಾಲದೆ ಬಂದಾಗ ಎರಡು ತುಂಡುಗಳನ್ನು ಕಪ್ಲರ್ ಎಂಬ ಜೋಡಣೆಯ ತುಣುಕು ಹಾಕಿ ಜೋಡಿಸಿ, ಪ್ಲಾಸ್ಟಿಕ್ ಡಬ್ಬಿಯಲ್ಲಿ ಮುಚ್ಚಿಟ್ಟಿದ್ದರು.

ಏಣಿ ಹತ್ತಿ ಡಬ್ಬಿ ಬಿಚ್ಚಿದೆ. ಮೇಲಿನಿಂದ ಇಳಿಜಾರಾಗಿ ಬಂದ ಕೇಬಲ್ಲಿನ ಮೈಮೇಲೆ ನೀರು ಹರಿದು ನೇರವಾಗಿ ಒಳಗೆ ಇಳಿದಿತ್ತು. ಕನೆಕ್ಟರ್ ಹೊರತೆಗೆದು ಟಾರ್ಚ್ ಬೆಳಕಿನಲ್ಲಿ ಹಿಡಿದಾಗ ಕಂದು ಜೋಡಿಯ ಏಳು ಮತ್ತು ಎಂಟನೆಯ ಪಿನ್‌ಗಳ ಚಿನ್ನದ ಲೇಪ ಸವೆದು ಹಸಿರು ಕಿಲುಬು ಹಿಡಿದಿತ್ತು, ಅವೆರಡರ ನಡುವೆ ಒಂದು ಹನಿ ನೀರು ಹಾಗೇ ನಿಂತಿತ್ತು. ಉಳಿದ ಆರು ಪಿನ್‌ಗಳು ಹೊಸದರಂತೆ ಹೊಳೆಯುತ್ತಿದ್ದವು.

ನಡುವೆ ಜೋಡಣೆಯೇ ಇಲ್ಲದ, ಒಳಗೆ ಜೆಲ್ ತುಂಬಿದ ಹೊರಾಂಗಣ ಕೇಬಲ್ಲನ್ನು ಅಂದೇ ಎಳೆದೆವು. ಗೋಡೆಯೊಳಗೆ ಹೋಗುವ ಎರಡೂ ಕಡೆ ಅದನ್ನು ಮೊದಲು ಕೆಳಕ್ಕೆ ಬಾಗಿಸಿ ಮೇಲೆತ್ತಿ ಒಳಬಿಟ್ಟೆವು. ನೀರು ಬಾಗಿನ ತಳದಲ್ಲೇ ತೊಟ್ಟಿಕ್ಕುತ್ತದೆ. ಎರಡು ಕಟ್ಟಡಗಳ ನಡುವೆ ತಾಮ್ರದ ಬದಲು ಆಪ್ಟಿಕಲ್ ಫೈಬರ್ ಇರುವುದೇ ಸರಿಯಾದ ಕ್ರಮ, ಏಕೆಂದರೆ ಏಪ್ರಿಲ್-ಮೇ ತಿಂಗಳ ಸಿಡಿಲಿನ ಹೊಡೆತವನ್ನು ಗಾಜಿನ ಎಳೆ ಒಂದು ಸ್ವಿಚ್‌ನಿಂದ ಇನ್ನೊಂದಕ್ಕೆ ಸಾಗಿಸುವುದಿಲ್ಲ. ಕಾರ್ಯದರ್ಶಿಯವರು ಅದನ್ನು ಬೇಸಿಗೆಗೆ ಮುಂಚೆ ಮಾಡಿಸಲು ಒಪ್ಪಿದ್ದಾರೆ.

ಆಶ್ಲೇಷ ಮಳೆ ಮುಗಿಯುವವರೆಗೂ ಸಿಆರ್‌ಸಿ ಎಣಿಕೆ ಸೊನ್ನೆಯಲ್ಲೇ ಉಳಿಯಿತು. ಸೆಪ್ಟೆಂಬರ್‌ನಲ್ಲಿ ಏಳನೆಯ ಪೋರ್ಟ್ ಎರಡು ಸಲ ಬಿದ್ದದ್ದು ಲಾಗ್‌ನಲ್ಲಿ ಕಂಡಿತು. ಆ ಎರಡೂ ಸಲ ಗೋದಾಮಿನ ಸ್ವಿಚ್‌ನ ಅಪ್‌ಟೈಮ್ ಸೊನ್ನೆಯಿಂದ ಶುರುವಾಗಿದ್ದರಿಂದ ಈ ಬಾರಿ ಏಣಿ ಹತ್ತಲಿಲ್ಲ. ಗೋದಾಮಿನ ಯುಪಿಎಸ್‌ಗೆ ಹೊಸ ಬ್ಯಾಟರಿ ಹಾಕಿಸಲು ಶಿವಮೊಗ್ಗದಿಂದಲೇ ಫೋನ್ ಮಾಡಿ ಹೇಳಿದೆ.