ಕನ್ನಡದಲ್ಲಿ ಹೇಳಿಕೊಳ್ಳಲು ಒಂದು ಕೋಣೆ

ಕಾಸರಗೋಡು ಜಿಲ್ಲೆಯ ಬದಿಯಡ್ಕದ ಆಸುಪಾಸಿನಲ್ಲಿ ಸ್ವಲ್ಪ ಅಡಿಕೆ ತೋಟ ಮಾಡಿಕೊಂಡಿರುವ ನಾನು ಹದಿನಾಲ್ಕು ವರ್ಷ ಕುಡಿದವನು. ಕೇರಳದಲ್ಲಿ ತಿಂಗಳ ಒಂದನೇ ತಾರೀಕಿನಂದು ಮದ್ಯದಂಗಡಿಗಳು ತೆರೆಯುವುದಿಲ್ಲ. ಆ ದಿನ ಗಡಿ ದಾಟಿ ಕರ್ನಾಟಕದ ಅಂಗಡಿಯ ಮುಂದೆ ನಿಲ್ಲುವವರಲ್ಲಿ ನಾನೂ ಒಬ್ಬನಾಗಿದ್ದೆ. ಆ ದಾರಿಯನ್ನು ನನಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಕುಡಿತ ಬಿಟ್ಟವರು ಸೇರುವ ಕೋಣೆಯನ್ನು ಹುಡುಕಲು ಮಾತ್ರ ಐದು ತಿಂಗಳು ಹಿಡಿಯಿತು.

ಮೊದಲು ನಾನು ಮಾಡಿದ ತಪ್ಪನ್ನು ಹೇಳಬೇಕು. ಯಾರಿಗೂ ತಿಳಿಸದೆ ಒಂದು ಸೋಮವಾರ ಕುಡಿತವನ್ನು ಥಟ್ಟನೆ ನಿಲ್ಲಿಸಿದೆ. ಮರುದಿನ ಚಹಾದ ಲೋಟವನ್ನು ಎರಡೂ ಕೈಗಳಲ್ಲಿ ಹಿಡಿದರೂ ಅಂಗಿಯ ಮೇಲೆ ಚೆಲ್ಲಿತು. ಮೂರನೆಯ ರಾತ್ರಿ ಗೋಡೆಯ ತುಂಬ ಇರುವೆಗಳು ಹರಿದಾಡುವಂತೆ ಕಂಡು ಹೆಂಡತಿಯನ್ನು ಎಬ್ಬಿಸಿದೆ. ಬಹುಕಾಲ ದಿನವೂ ಕುಡಿದವನು ಒಮ್ಮೆಲೇ ನಿಲ್ಲಿಸಿದರೆ ಅಪಸ್ಮಾರದಂತಹ ಸೆಳೆತ, ಬುದ್ಧಿಭ್ರಮಣೆ ಉಂಟಾಗಬಹುದೆಂದೂ ಅದರಿಂದ ಪ್ರಾಣಕ್ಕೂ ಅಪಾಯವಿದೆಯೆಂದೂ ಆಸ್ಪತ್ರೆಯಲ್ಲಿ ವೈದ್ಯರು ಹೇಳಿದಾಗಲೇ ನನಗೆ ಗೊತ್ತಾದದ್ದು. ಆದ್ದರಿಂದ ಈಗ ನನ್ನನ್ನು ಕೇಳುವವರಿಗೆ ಮೊದಲು ವೈದ್ಯರನ್ನು ಕಾಣಿರಿ, ಅದಕ್ಕೂ ಸಂಕೋಚವಿದ್ದರೆ ಕೇರಳ ಸರ್ಕಾರದ ವ್ಯಸನ ಬಿಡಿಸುವ ವಿಮುಕ್ತಿ ಯೋಜನೆಯ ಸಹಾಯವಾಣಿ 14405ಕ್ಕೆ ಕರೆ ಮಾಡಿ ಎನ್ನುತ್ತೇನೆ. ಬಿಡುಗಡೆಯ ದಿನ ಆ ವೈದ್ಯರು ಕೇಳಿದ್ದು ಒಂದೇ ಪ್ರಶ್ನೆ: "ನಾಳೆ ಸಂಜೆ ಆರು ಗಂಟೆಗೆ ನೀವು ಎಲ್ಲಿರುತ್ತೀರಿ?" ನನ್ನಲ್ಲಿ ಉತ್ತರವಿರಲಿಲ್ಲ.

ಭಾವ ಒಂದು ದಾರಿ ತೋರಿಸಿದ್ದರು. ಧರ್ಮಸ್ಥಳದ ಗ್ರಾಮಾಭಿವೃದ್ಧಿ ಯೋಜನೆಯವರು ನಡೆಸುವ ಎಂಟು ದಿನಗಳ ಮದ್ಯವರ್ಜನ ಶಿಬಿರಕ್ಕೆ ಸೇರಿ, ಆಮೇಲೆ ಶಿಬಿರ ಮುಗಿಸಿದವರೇ ಸೇರಿಕೊಂಡಿರುವ ನವಜೀವನ ಸಮಿತಿಗೆ ಹೋಗುತ್ತಿರು ಎಂದರು. ಅದರಿಂದ ಬದುಕು ನೆಟ್ಟಗಾದವರನ್ನು ನಾನು ಬಲ್ಲೆ. ಆದರೆ ಊರಿನ ಸಭಾಭವನದಲ್ಲಿ, ಗುರುತಿನವರ ಎದುರಿನಲ್ಲಿ ಎಂಟು ದಿನ ಕುಳಿತಿರಲು ನನಗೆ ನಾಚಿಕೆಯಾಯಿತು. ಬಸ್ ಸ್ಟ್ಯಾಂಡಿನ ಬೆಂಚಿನ ಮೇಲೆ ಮಲಗಿದ್ದಾಗ ಇಲ್ಲದ ನಾಚಿಕೆ ಆಗ ಎಲ್ಲಿಂದ ಬಂತೋ ತಿಳಿಯದು. ಹೆಸರು ಬರೆಸುವುದಿಲ್ಲ, ಶುಲ್ಕವಿಲ್ಲ, ಕುಡಿತ ಬಿಡುವ ಇಚ್ಛೆಯೊಂದಿದ್ದರೆ ಸಾಕು ಎಂಬ ಕಾರಣಕ್ಕೆ ಆಲ್ಕೊಹಾಲಿಕ್ಸ್ ಅನಾನಿಮಸ್, ಎಲ್ಲರೂ ಎ.ಎ. ಎಂದು ಕರೆಯುವ ಕೂಟವೇ ನನಗೆ ಹಿಡಿಸಿತು. 1935ರಲ್ಲಿ ಅಮೆರಿಕದ ಆಕ್ರನ್ ನಗರದಲ್ಲಿ ಒಬ್ಬ ಶೇರು ವ್ಯವಹಾರದವನೂ ಒಬ್ಬ ಶಸ್ತ್ರವೈದ್ಯನೂ, ಇಬ್ಬರು ಕುಡುಕರು, ಎದುರುಬದುರು ಕುಳಿತು ಮಾತಾಡಿದ್ದರಿಂದ ಹುಟ್ಟಿದ ಕೂಟ ಅದು.

ಆಸ್ಪತ್ರೆಯಲ್ಲಿ ಯಾರೋ ಬರೆದುಕೊಟ್ಟ ವಿಳಾಸ ಹಿಡಿದು ಒಂದು ಸಂಜೆ ಕಾಸರಗೋಡು ಪೇಟೆಗೆ ಹೋದೆ. ಬಾಗಿಲಿಗೆ ತುಕ್ಕು ಹಿಡಿದ ಬೀಗ, ಅದರ ಮೇಲೆ ಜೇಡರ ಬಲೆ. ಪಕ್ಕದ ಜೆರಾಕ್ಸ್ ಅಂಗಡಿಯ ಹುಡುಗ, ಅವರು ಜಾಗ ಬದಲಿಸಿ ವರ್ಷವಾಯಿತು ಎಂದ. ಹಿಂದಿರುಗುವಾಗ ಜೇಬಿನಲ್ಲಿದ್ದ ಇನ್ನೂರು ರೂಪಾಯಿ ಎಷ್ಟು ಭಾರವಾಗಿತ್ತೆಂಬುದು ಕುಡಿದು ಬಿಟ್ಟವರಿಗಷ್ಟೇ ಅರ್ಥವಾದೀತು. ಇಂತಹ ಕೂಟಗಳಿಗೆ ಸ್ವಂತ ಕಟ್ಟಡವಿರುವುದು ಅಪರೂಪ. ಚರ್ಚಿನ ಹಾಲಿನಲ್ಲೋ ಶಾಲೆಯ ಕೋಣೆಯಲ್ಲೋ ಸೇರುತ್ತಾರೆ, ಅದು ತಪ್ಪಿದರೆ ಬೇರೆಡೆಗೆ ಹೋಗುತ್ತಾರೆ. ಹೊರಡುವ ದಿನವೇ ಫೋನು ಮಾಡಿ ಕೇಳಿಕೊಳ್ಳಬೇಕೆಂಬುದನ್ನು ಆ ಬೀಗದಿಂದ ಕಲಿತೆ. ಓಪನ್ ಮೀಟಿಂಗೋ ಕ್ಲೋಸ್ಡ್ ಮೀಟಿಂಗೋ ಎಂದೂ ಕೇಳಬೇಕು. ಮೊದಲಿನದಕ್ಕೆ ಮನೆಯವರನ್ನೂ ಕರೆದೊಯ್ಯಬಹುದು, ಎರಡನೆಯದು ಕುಡಿತ ಬಿಡಬೇಕೆನ್ನುವವರಿಗೆ ಮಾತ್ರ. ಯಾವ ಭಾಷೆಯಲ್ಲಿ ನಡೆಯುತ್ತದೆ ಎಂದು ಕೇಳಲು ನನಗೆ ಹೊಳೆಯಲಿಲ್ಲ.

ಕೊನೆಗೂ ಸಿಕ್ಕಿದ ಮೀಟಿಂಗು ಮಲಯಾಳದ್ದು. ಎಲ್ಲಿ ಎಂಬುದನ್ನು ಇಲ್ಲಿ ಬರೆಯುವುದು ಸರಿಯಲ್ಲ. ಬಸ್ಸಿಗೆ, ಬ್ಯಾಂಕಿಗೆ, ವಿಲೇಜ್ ಆಫೀಸಿಗೆ ಬೇಕಾದಷ್ಟು ಮಲಯಾಳ ನನಗೆ ಬರುತ್ತದೆ. ಆದರೆ ಮಗಳ ಕಾಲೇಜಿನ ಫೀಸಿಗೆಂದು ಇಟ್ಟಿದ್ದ ಹಣವನ್ನು ಏನು ಮಾಡಿದೆ ಎಂದು ಹೇಳುವಷ್ಟು ಬರುವುದಿಲ್ಲ. ಸರದಿ ಬಂದಾಗ, ನಾನೊಬ್ಬ ಮದ್ಯವ್ಯಸನಿ ಎಂದಷ್ಟೇ ಹೇಳಿ ಸುಮ್ಮನಾದೆ. ಮೂಲೆಯಲ್ಲಿ ಕುಳಿತಿದ್ದ ಹಿರಿಯರೊಬ್ಬರು, "ಕನ್ನಡತ್ತಿಲ್ ಪರಞ್ಞೋ ಮಾಷೇ" ಎಂದರು. ಕನ್ನಡದಲ್ಲೇ ಹೇಳಿದೆ. ಹನ್ನೊಂದು ಜನರಲ್ಲಿ ನಾಲ್ವರಿಗಾದರೂ ಅರ್ಥವಾಯಿತೋ ಇಲ್ಲವೋ; ಯಾರೂ ನಡುವೆ ಬಾಯಿ ಹಾಕಲಿಲ್ಲ, ಮುಗಿದ ಮೇಲೆ ಯಾರೂ ಬುದ್ಧಿವಾದ ಹೇಳಲಿಲ್ಲ. ಒಬ್ಬರು ಹಾಲು ಹಾಕದ ಕಟ್ಟಂಚಾಯದ ಲೋಟವನ್ನು ನನ್ನ ಕಡೆಗೆ ಸರಿಸಿದರು.

ಮಂಗಳೂರಿನಲ್ಲಿ ಕನ್ನಡದ ಮೀಟಿಂಗ್ ಇದೆಯೆಂದು ತಿಳಿಸಿದವರೂ ಆ ಕೋಣೆಯವರೇ. ರೈಲಿನಲ್ಲಿ ಒಂದು ಗಂಟೆಯಷ್ಟು ದಾರಿ. ಮೊದಲ ಎರಡು ತಿಂಗಳು ವಾರವಾರ ಅಲ್ಲಿಗೆ ಹೋದೆ, ಹೇಳಬೇಕಾದುದನ್ನೆಲ್ಲ ಹೇಳಿದೆ. ಆದರೆ ಮನಸ್ಸು ಕುಡಿತದ ಕಡೆ ಎಳೆಯುವುದು ರೈಲಿನ ಸಮಯ ನೋಡಿಕೊಂಡಲ್ಲ. ಬಾಯಿ ಕಟ್ಟಿದರೂ ಹತ್ತಿರದ ಕೋಣೆಯೇ ಉಪಯೋಗಕ್ಕೆ ಬರುತ್ತದೆಂದು ಕಂಡುಕೊಂಡು, ಈಗ ವಾರಕ್ಕೊಮ್ಮೆ ಇಲ್ಲಿ, ತಿಂಗಳಿಗೊಮ್ಮೆ ಅಲ್ಲಿ ಎಂದು ಮಾಡಿಕೊಂಡಿದ್ದೇನೆ. ಕುಡಿಯುವವರ ಮನೆಯವರಿಗೆಂದೇ ಇರುವ ಅಲ್-ಅನಾನ್ ಕೂಟಕ್ಕೆ ಹೆಂಡತಿ ಎರಡು ಬಾರಿ ಬಂದಳು. ಅಲ್ಲಿ ಏನು ಮಾತಾಡಿದಳೆಂದು ನಾನು ಕೇಳಿಲ್ಲ.

ಹೋದ ವಾರ ಪೆರ್ಲದ ಕಡೆಯವರೊಬ್ಬರು ಫೋನು ಮಾಡಿದ್ದರು. ಅವರಿಗೂ ಕನ್ನಡವೇ ಬೇಕು, ಒಳಗೆ ಹೋಗುವುದನ್ನು ಯಾರೂ ನೋಡಬಾರದು. ಶನಿವಾರ ನಾಲ್ಕೂವರೆಯ ಬಸ್ಸಿಗೆ ಬನ್ನಿ, ಒಂದು ಸ್ಟಾಪ್ ಮೊದಲೇ ಇಳಿಯಿರಿ, ಅಲ್ಲಿಂದ ಜತೆಯಾಗಿ ನಡೆದು ಹೋಗೋಣ ಎಂದಿದ್ದೇನೆ.